ಮೂರು ಈಗ, ಮೂರು ಮುಂದೆ

ಮಗಳನ್ನು ಹೈಸ್ಕೂಲಿಗೆ ಸೇರಿಸಲು ಜಾತಿ ಪ್ರಮಾಣಪತ್ರದ ನಕಲು ಬೇಕಾಗಿತ್ತು. ಅಥಣಿಯ ತಹಶೀಲ್ದಾರ್ ಕಚೇರಿಯ ಹತ್ತಿರದ ಒಂದು ಝೆರಾಕ್ಸ್ ಅಂಗಡಿಯ ಮುಂದೆ ಕಳೆದ ವಾರ ನಿಂತಿದ್ದೆ. ಯಂತ್ರದಿಂದ ಹೊರಬಿದ್ದ ಹಾಳೆಯನ್ನು ಅಂಗಡಿಯವನು ನನ್ನ ಕೈಗಿತ್ತಾಗ ಅದು ಇನ್ನೂ ಬಿಸಿಯಾಗಿತ್ತು. ಬಿಸಿ ಹಾಳೆಗೆ ಒಂದು ವಾಸನೆ ಇರುತ್ತದೆ, ನೀವೂ ಗಮನಿಸಿರಬಹುದು. ಪೂರ್ತಿ ಮಸಿಯದ್ದಲ್ಲ, ಪೂರ್ತಿ ಸುಟ್ಟದ್ದೂ ಅಲ್ಲ. ನಾನು ಅದನ್ನು ಮೂಗಿನ ಹತ್ತಿರ ಹಿಡಿದು ಹಾಗೇ ನಿಂತುಬಿಟ್ಟೆ. ನಕಲು ಬರೋಬ್ಬರಿ ಬಂದಿಲ್ಲವೇನೋ ಎಂದು ಅಂಗಡಿಯವನು ಗಾಬರಿಯಾಗಿ ಕೇಳಿದ. ಬಂದಿದೆ ಎಂದು ಹೇಳಿ ಹೊರಟೆ. ವಾಸನೆ ಮಾತ್ರ ನನ್ನನ್ನು ಬಿಡಲಿಲ್ಲ. ಒಂದು ಕಾಲದಲ್ಲಿ ನಮ್ಮ ಮನೆಯ ಪಡಸಾಲೆಯೆಲ್ಲ ಇದೇ ವಾಸನೆ ಹೊಡೆಯುತ್ತಿತ್ತು. ಆ ಹಾಳೆಗಳ ನಡುವೆ ಕಾಲು ಚಾಚಿ ಕೂತಿರುತ್ತಿದ್ದವರು ನನ್ನ ಅತ್ತೆ ತಾರಾಬಾಯಿ.

ಅವರ ವಿಷಯ ಬರೆಯಬೇಕೆಂದು ಅನ್ನಿಸಿದ್ದು ಇದೇ ಮೊದಲಲ್ಲ. ಬರೆಯಲು ಕೂತಾಗಲೆಲ್ಲ ನನ್ನನ್ನು ಒಳ್ಳೆಯವಳಾಗಿ ತೋರಿಸಿಕೊಳ್ಳುವ ಒಂದು ಜಾಗ ಹುಡುಕುತ್ತೇನೆ, ಅದು ಸಿಗುವುದಿಲ್ಲ, ಎದ್ದುಬಿಡುತ್ತೇನೆ. ಈ ಸಲ ಏಳುವುದಿಲ್ಲ.

ತಾರಾಬಾಯಿ ನನ್ನ ಗಂಡನ ತಾಯಿ. ನಾವು ಅತ್ತೆಯನ್ನು ಅತ್ಯಾ ಎನ್ನುತ್ತೇವೆ, ಗಡಿಯ ಈ ಕಡೆ ಮರಾಠಿಯೂ ಕನ್ನಡವೂ ಒಂದೇ ತಾಟಿನಲ್ಲಿ ಉಣ್ಣುತ್ತವೆ. ಅತ್ಯಾ ಅಥಣಿಯ ಹೆಣ್ಣುಮಕ್ಕಳ ಹಾಸ್ಟೆಲ್ಲೊಂದರಲ್ಲಿ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಅಡುಗೆ ಮಾಡಿದವರು. ಎತ್ತರದ ಹೆಂಗಸು. ಮಣಿಕಟ್ಟಿನಿಂದ ಮೊಣಕೈಯವರೆಗೆ ಎಣ್ಣೆ ಸಿಡಿದ ಸಣ್ಣಸಣ್ಣ ಕಲೆಗಳು. ಹತ್ತನೆಯದು ಪಾಸಾದ ವರ್ಷವೇ ಅವರ ಮದುವೆಯಾಗಿತ್ತು. ಮಗ ಇನ್ನೂ ಎದೆಹಾಲು ಬಿಡುವ ಮೊದಲೇ ಗಂಡ ತೀರಿಕೊಂಡರು. ಆಮೇಲೆ ಅವರ ಜೀವನವೆಲ್ಲ ಹಾಸ್ಟೆಲ್ಲಿನ ಒಲೆ, ಭಾನುವಾರದ ಬುದ್ಧವಿಹಾರ, ಮತ್ತು ಮಗ. ನಾನು ಸೊಸೆಯಾಗಿ ಬರುವ ಹೊತ್ತಿಗೆ ಅವರು ಮನೆಯಲ್ಲೇ ಓದಿಕೊಂಡು ಪಿಯುಸಿ ಮುಗಿಸಿದ್ದರು. ನನ್ನ ಮದುವೆಯಾಗಿ ಮೂರು ವರ್ಷವಾದ ಮೇಲೆ ಒಂದು ದಿನ, ಬಿ.ಎ. ಪರೀಕ್ಷೆಗೆ ಕೂಡುತ್ತೇನೆ ಎಂದರು. ಈ ವಯಸ್ಸಿನಲ್ಲಿ ಡಿಗ್ರಿ ತೊಗೊಂಡು ಏನು ಮಾಡುತ್ತೀರಿ ಎಂದು ನಾನು ನಕ್ಕಿರಬೇಕು. ಅವರು ನಗಲಿಲ್ಲ.

"ಇಪ್ಪತ್ತೆರಡು ವರ್ಷ ಡಿಗ್ರಿ ಹುಡುಗ್ಯಾರಿಗೆ ರೊಟ್ಟಿ ಬಡದೇನಿ. ನನ್ನ ರೊಟ್ಟಿ ಉಂಡು ಅವರು ಏನು ಕಲತ್ರು ಅನ್ನೂದು ನನಗೂ ತಿಳೀಬೇಕಲ್ಲ," ಎಂದರು.

ನನ್ನ ಕತೆ ಬೇರೆ. ನಾನು ಕೊಗನೊಳ್ಳಿಯವಳು. ನಿಪ್ಪಾಣಿಯ ಕಾಲೇಜಿನಲ್ಲಿ ಎರಡನೇ ವರ್ಷದ ಬಿ.ಎ. ಓದುತ್ತಿದ್ದಾಗ ಗಂಡು ಗೊತ್ತಾಯಿತು, ಪರೀಕ್ಷೆಯ ವಾರವೇ ಮದುವೆಯಾಯಿತು. ಬರೆಯದ ಆ ಪರೀಕ್ಷೆಯ ಹಾಲ್ ಟಿಕೆಟ್ಟನ್ನು ಸೀರೆಗಳ ನಡುವೆ ಮಡಚಿಟ್ಟುಕೊಂಡು ಗಂಡನ ಮನೆಗೆ ಬಂದಿದ್ದೆ. ಕಾಲೇಜು ಕಂಡವಳು ಎಂಬ ಜಂಭ ಮಾತ್ರ ಬಿಟ್ಟಿರಲಿಲ್ಲ. ಚಿಕ್ಕ ಮಕ್ಕಳ ಖಾಸಗಿ ಶಾಲೆಯೊಂದರಲ್ಲಿ ಅರ್ಧ ದಿನ ಅ ಆ ಇ ಈ ಕಲಿಸುತ್ತಿದ್ದೆ, ಮನೆಗೆ ಬಂದು ಪ್ರಾಧ್ಯಾಪಕಿಯ ಹಾಗೆ ಮಾತನಾಡುತ್ತಿದ್ದೆ. ಅತ್ಯಾ ತಮಗೊಂದು ಅರ್ಜಿ ತಂದಾಗ ನನಗೂ ಒಂದು ತಂದಿದ್ದರು. ಹೊಸದಾಗಿ ಮೊದಲಿನಿಂದ ಶುರು ಮಾಡು, ಇಬ್ಬರೂ ಕೂಡಿ ಮುಗಿಸೋಣ ಎಂದರು.

ಎಕ್ಸ್‌ಟರ್ನಲ್ ಎಂದು ನಮ್ಮ ಕಡೆ ಎಲ್ಲರೂ ಕರೆಯುವ ಆ ಪದ್ಧತಿ ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ಕ್ಲಾಸಿಲ್ಲ, ಹಾಜರಿಯಿಲ್ಲ, ಕಲಿಸುವವರೂ ಇಲ್ಲ. ವಿಷಯಗಳ ಪಟ್ಟಿ ಕೊಡುತ್ತಾರೆ, ನಿಮ್ಮ ಪಾಡಿಗೆ ನೀವು ಓದಿಕೊಂಡು ಹೋಗಿ ಪರೀಕ್ಷೆ ಬರೆದರಾಯಿತು. ವರ್ಷಕ್ಕೆ ಆರು ಪೇಪರು, ಒಟ್ಟು ಮೂರು ವರ್ಷ. ಆರನ್ನೂ ಒಂದೇ ಸಲ ಬರೆಯಬಹುದು, ಮೂರು ಮೂರು ಮಾಡಿ ಎರಡು ಸಲವೂ ಬರೆಯಬಹುದು. ಎಷ್ಟು ಹೊರಬೇಕು ಎಂಬುದು ನಿಮಗೇ ಬಿಟ್ಟದ್ದು. ಸುಲಭ ಅನ್ನಿಸುತ್ತದೆ. ಕಷ್ಟವೆಲ್ಲ ಇರುವುದು ಆ ನಿರ್ಧಾರದಲ್ಲೇ.

ನಮ್ಮ ಪರೀಕ್ಷಾ ಕೇಂದ್ರ ಚಿಕ್ಕೋಡಿಯಲ್ಲಿತ್ತು. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆ ಮನೆ. ನನ್ನ ಗಂಡ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ತೂಕ ಬರೆದುಕೊಳ್ಳುವ ಗುಮಾಸ್ತ. ಕೆಟ್ಟವರಲ್ಲ, ಇವತ್ತಿಗೂ ಅಲ್ಲ. ಆದರೆ ಓಣಿಯ ಜನ ಏನೆಂದಾರು ಎಂಬ ಭಯ ಅವರಿಗೆ ಹುಟ್ಟಿನಿಂದಲೇ ಬಂದದ್ದು. ಗಂಡನಿಲ್ಲದ ತಾಯಿಯ ಮಗನಾಗಿ ಬೆಳೆದವರಿಗೆ ಆ ಭಯ ಬೇರೆಯವರಿಗಿಂತ ಹೆಚ್ಚು ಇರುತ್ತದೋ ಏನೋ. ನಾನು ಅರ್ಜಿ ತೋರಿಸಿದಾಗ ಒಂದೇ ಮಾತು ಹೇಳಿದರು.

"ಅವ್ವನ ಜೋಡಿ ಹೋಗಾಕಿ ಇದ್ರ ಹೋಗು. ಒಬ್ಬಾಕಿನ್ನ ಚಿಕ್ಕೋಡಿ ತನಕ ನಾ ಕಳಸೂದಿಲ್ಲ."

ನನಗೆ ಅಷ್ಟೇ ಸಾಕಾಗಿತ್ತು. ಆ ಮಾತಿಗೆ ಇನ್ನೊಂದು ಮಗ್ಗುಲಿದೆ ಎಂದು ಆಗ ಹೊಳೆಯಲಿಲ್ಲ. ಅವ್ವ ಹೋಗುವುದು ನಿಂತ ದಿನ ನಾನೂ ನಿಲ್ಲಬೇಕು.

ಮಧ್ಯಾಹ್ನ ಎರಡರಿಂದ ನಾಲ್ಕು ನಮ್ಮ ಓದಿನ ಹೊತ್ತು. ಹಾಸ್ಟೆಲ್ಲಿನ ಊಟ ಮುಗಿಸಿ ಅತ್ಯಾ ಮನೆಗೆ ಬರುತ್ತಿದ್ದರು, ನಾನು ಶಾಲೆಯಿಂದ ಬಂದಿರುತ್ತಿದ್ದೆ, ಮಗಳು ಮಲಗಿರುತ್ತಿದ್ದಳು. ಹಾಸ್ಟೆಲ್ಲಿನ ಹುಡುಗಿಯರ ನೋಟ್ಸನ್ನು ಬೇಡಿ ತಂದು ಝೆರಾಕ್ಸ್ ಮಾಡಿಸಿ ಪಡಸಾಲೆಯಲ್ಲಿ ಹರಡಿಕೊಳ್ಳುತ್ತಿದ್ದೆವು. ನಾನು ಓದುವ ರೀತಿ ನಿಪ್ಪಾಣಿಯಲ್ಲಿ ಕಲಿತದ್ದು: ಕೆಂಪು ಪೆನ್ನಿನಿಂದ ಗೆರೆ ಎಳೆಯುವುದು, ಗೆರೆ ಎಳೆದದ್ದೇ ಓದಿದ ಹಾಗಾಯಿತೆಂದು ಸಮಾಧಾನ ಮಾಡಿಕೊಳ್ಳುವುದು. ಅತ್ಯಾ ಗೆರೆ ಎಳೆಯುತ್ತಿರಲಿಲ್ಲ. ಒಂದು ಪುಟ ಓದಿ, ಹಾಳೆಯನ್ನು ಬೋರಲು ಹಾಕಿ, ಗೋಡೆ ನೋಡುತ್ತ ಅದನ್ನು ತಮ್ಮ ಮಾತಿನಲ್ಲಿ ಹೇಳಿಕೊಳ್ಳುತ್ತಿದ್ದರು. ರಾಜ್ಯಪಾಲರ ಅಧಿಕಾರಗಳನ್ನು ಅವರು ಹೇಳುವುದು ಕೇಳಿದರೆ ಆ ರಾಜ್ಯಪಾಲರು ನಮ್ಮ ಓಣಿಯ ತುದಿಯ ಮನೆಯಲ್ಲೇ ಇದ್ದಾರೆ ಅನ್ನಿಸುತ್ತಿತ್ತು.

ಪರೀಕ್ಷೆಯ ಮೂರು ತಾಸನ್ನು ಹಂಚಿಕೊಳ್ಳುವುದು ನನಗೆ ಎಂದೂ ಬರಲಿಲ್ಲ. ಮೊದಲ ಪ್ರಶ್ನೆಗೆ ಎಂಟು ಪುಟ ಬರೆದು, ಕೊನೆಯದಕ್ಕೆ ಎಂಟು ಸಾಲು ಬರೆಯುವವಳು ನಾನು. ಅತ್ಯಾ ಕೈಗಡಿಯಾರ ಕಟ್ಟುತ್ತಿರಲಿಲ್ಲ. ಐದು ಅಂಕದ ಉತ್ತರಕ್ಕೆ ನಾಲ್ಕು ರೊಟ್ಟಿ ಬೇಯುವಷ್ಟು ಹೊತ್ತು, ಹದಿನೈದು ಅಂಕದ್ದಕ್ಕೆ ಬೇಳೆ ಕುದಿಯುವಷ್ಟು ಹೊತ್ತು. ಕೊನೆಗೆ ತಿರುಗಿ ಓದಲು, ಒಗ್ಗರಣೆ ಕೊಟ್ಟು ಮುಚ್ಚುವಷ್ಟು. ನಾನು ಇದನ್ನು ತಮಾಷೆ ಎಂದುಕೊಂಡಿದ್ದೆ. ಆದರೆ ಅವರು ಬರೆದು ಮುಗಿಸಿ ಪೆನ್ನು ಕೆಳಗಿಟ್ಟ ಸ್ವಲ್ಪ ಹೊತ್ತಿಗೇ ಗಂಟೆ ಹೊಡೆಯುತ್ತಿತ್ತು. ನೂರಿಪ್ಪತ್ತು ಹುಡುಗಿಯರಿಗೆ ಹೊತ್ತಿಗೆ ಸರಿಯಾಗಿ ಊಟ ಬಡಿಸಿದ ಕೈ ಅದು.

ಚಿಕ್ಕೋಡಿಯ ಆ ಪರೀಕ್ಷಾ ಕೋಣೆಯನ್ನೂ ನೀವು ನೋಡಬೇಕಿತ್ತು. ಬಡ್ತಿಗಾಗಿ ಓದುತ್ತಿದ್ದ ಪೊಲೀಸಪ್ಪ, ರಾಯಬಾಗದಿಂದ ಬರುತ್ತಿದ್ದ ಬಸ್ ಕಂಡಕ್ಟರು, ಹೊರಗೆ ಅಜ್ಜಿಯ ಕೈಯಲ್ಲಿ ಕೂಸು ಕೊಟ್ಟು ಒಳಗೆ ಬಂದ ಬಾಣಂತಿ. ಬೆಂಚುಗಳು ಹರೆಯದವರ ಅಳತೆಯವು, ಕೂತವರು ಹೊಟ್ಟೆ ಬಂದವರು. ಎಲ್ಲರಿಗೂ ಒಂದು ಅವಸರದ ಮುಖ. ಅತ್ಯಾ ಮಾತ್ರ ಕೋಣೆಗೆ ಹೋಗುವ ಮೊದಲು ಸೆರಗು ಸರಿಮಾಡಿಕೊಂಡು, ಯಾರದೋ ಮದುವೆಗೆ ಬಂದವರ ಹಾಗೆ ಹಗುರಾಗಿ ನಡೆದು ಹೋಗುತ್ತಿದ್ದರು.

ಎರಡು ವರ್ಷದ ಪೇಪರುಗಳು ಹೀಗೆ ಮುಗಿದವು. ಅವರು ಇಂಗ್ಲಿಷಿನಲ್ಲಿ ಒಮ್ಮೆ ನಪಾಸಾಗಿ ಮರುಸಲ ಪಾಸಾದರು. ನಾನು ಎರಡರಲ್ಲಿ ನಪಾಸಾದೆ, ಅದನ್ನು ಓಣಿಯಲ್ಲಿ ಒಂದು ಎಂದು ಹೇಳಿಕೊಂಡೆ. ಇಬ್ಬರಿಗೂ ಉಳಿದದ್ದು ಕೊನೆಯ ವರ್ಷದ ಆರು ಪೇಪರು.

ಆಗ ಅತ್ಯಾರ ಕಣ್ಣಿನ ತೊಂದರೆ ಶುರುವಾಯಿತು. ಅವರಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ ಇತ್ತು. ಮೊದಲು ಹಾಳೆಯನ್ನು ಹತ್ತಿರ ಹಿಡಿಯತೊಡಗಿದರು. ಆಮೇಲೆ, ಕಣ್ಣ ಮುಂದೆ ಜೇಡರ ಬಲೆಯ ಎಳೆ ತೇಲಿದ ಹಾಗಾಗುತ್ತದೆ ಎಂದರು. ಕಾಗವಾಡ ದಾಟಿದರೆ ಮಿರಜ್, ನಮ್ಮ ಕಡೆಯವರ ದೊಡ್ಡ ಕಾಯಿಲೆಗಳೆಲ್ಲ ಅಲ್ಲಿಗೇ ಹೋಗುವುದು. ಗಂಡನಿಗೆ ಕಬ್ಬಿನ ಹಂಗಾಮು, ರಜೆ ಇಲ್ಲ. ನಾನೇ ಕರೆದುಕೊಂಡು ಹೋದೆ.

ಅಲ್ಲಿಯ ವೈದ್ಯರು ಬಹಳ ಹೊತ್ತು ಪರೀಕ್ಷಿಸಿದರು. ಅತ್ಯಾಗೆ ಮರಾಠಿಯಲ್ಲಿ ಮೃದುವಾಗಿ ಧೈರ್ಯ ಹೇಳಿ, ಇನ್ನೊಂದು ಕೋಣೆಗೆ ಕಳಿಸಿದರು. ನನ್ನನ್ನು ಮಾತ್ರ ಕೂರಿಸಿಕೊಂಡು, ಎರಡೂ ಕಣ್ಣಿನ ಒಳಪರದೆಯಲ್ಲಿ ರಕ್ತ ಸೋರುತ್ತಿದೆ, ಲೇಸರ್ ಮಾಡೋಣ, ಸ್ವಲ್ಪ ದಿನ ತಡೆದೀತು, ಆದರೆ ಎಷ್ಟು ದಿನ ಎಂದು ಹೇಳಲು ಬರುವುದಿಲ್ಲ ಎಂದರು. ಕಣ್ಣಿನಿಂದ ಆಗಬೇಕಾದ ಕೆಲಸ ಏನಾದರೂ ಇದ್ದರೆ ಬೇಗ ಮುಗಿಸಿಕೊಳ್ಳಲಿ, ಮನೆಯವರು ನೀವೇ ಸಮಾಧಾನವಾಗಿ ತಿಳಿಸಿ ಎಂದೂ ಹೇಳಿದರು. ನಾನು ತಲೆಯಾಡಿಸಿದೆ.

ಬಸ್ಸಿನಲ್ಲಿ ಅತ್ಯಾ ಕೇಳಿದರು, ಡಾಕ್ಟರು ಒಳಗೆ ಏನಂದರೆಂದು. ಔಷಧ ತಪ್ಪಿಸಬಾರದಂತೆ ಎಂದೆ. ಅದು ಸುಳ್ಳಲ್ಲ. ಹಾದಿಯುದ್ದಕ್ಕೂ ಅದು ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತ ಕೂತಿದ್ದೆ. ಪಾಪ, ಅವರೇಕೆ ಹೆದರಬೇಕು, ಸಕ್ಕರೆ ಇನ್ನೂ ಏರೀತು, ಎಂದೆಲ್ಲ. ಲೇಸರ್ ಮಾಡಿಸಿದೆವು. ಜೇಡರ ಬಲೆ ಸ್ವಲ್ಪ ಸರಿಯಿತು. ನನ್ನ ಗಂಡನಿಗೂ ನಾನು ಅಷ್ಟೇ ಹೇಳಿದೆ.

ಪರೀಕ್ಷೆಯ ಅರ್ಜಿ ತುಂಬುವ ದಿನ ಬಂತು. ಅತ್ಯಾ ಪಡಸಾಲೆಯಲ್ಲಿ ಕೂತು, "ಈ ಸಲ ಆರೂ ಬರೀತೀನಿ ಯವ್ವಾ. ಮುಗಿಸಿಬಿಡೂಣು," ಎಂದರು.

ಅವರು ನನ್ನನ್ನು ಯವ್ವಾ ಎಂದೇ ಕರೆಯುತ್ತಿದ್ದರು, ತವರಿನಲ್ಲಿ ನನ್ನ ತಾಯಿ ಕರೆಯುತ್ತಿದ್ದ ಹಾಗೆ.

ಅವರಿಗೆ ಆರೂ ಸಾಧ್ಯವಿತ್ತು. ನನಗೆ ಇರಲಿಲ್ಲ. ಶಾಲೆ, ಮಗು, ಮನೆ ಎಲ್ಲ ಹಿಡಿದುಕೊಂಡು ಮೂರಕ್ಕಿಂತ ಹೆಚ್ಚು ಓದುವುದು ನನ್ನಿಂದ ಆಗುತ್ತಿರಲಿಲ್ಲ. ಅವರು ಆರನ್ನೂ ಈಗಲೇ ಮುಗಿಸಿದರೆ ಮುಂದಿನ ಸಲ ಚಿಕ್ಕೋಡಿಗೆ ನನ್ನ ಜೊತೆ ಯಾರು ಬರುತ್ತಾರೆ? ಒಬ್ಬಳನ್ನೇ ಕಳಿಸುವುದಿಲ್ಲ ಎಂದು ಗಂಡ ಹೇಳಿಯಾಗಿತ್ತು. ಪರೀಕ್ಷೆಯಿಲ್ಲದೆ ಸುಮ್ಮನೆ ನನ್ನ ಬೆನ್ನಿಗೆ ಅಷ್ಟು ದೂರ ಬಾ ಎಂದು ಅತ್ತೆಯನ್ನು ಕೇಳುವುದಾದರೂ ಹೇಗೆ? ಇನ್ನೊಂದು ಹಾಲ್ ಟಿಕೆಟ್ಟು ಸೀರೆಗಳ ನಡುವೆ ಹೋಗಿ ಮಲಗುವುದು ನನಗೆ ಕಾಣತೊಡಗಿತು. ಇದೆಲ್ಲ ತಲೆಯಲ್ಲಿ ಹಾದುಹೋಗಲು ಚಹಾ ಆರುವಷ್ಟು ಹೊತ್ತೂ ಬೇಕಾಗಲಿಲ್ಲ.

"ಅವಸರ ಯಾಕ್ರಿ ಅತ್ಯಾ? ಮೂರು ಈಗ ಬರೀರಿ, ಮೂರು ಮುಂದ ಬರೀರಿ. ಕಣ್ಣಿಗೂ ಆರಾಮ ಸಿಗತೈತಿ," ಎಂದೆ.

ಕಣ್ಣಿಗೆ ಆರಾಮ ಎಂಬ ಮಾತನ್ನು ನಾನೇ, ನನ್ನ ಬಾಯಿಂದಲೇ ಹೇಳಿದೆ. ಅವರು ಅರ್ಜಿಯನ್ನು ಹತ್ತಿರ ಹಿಡಿದು ನೋಡಿದರು. ನೀನು ಕಾಲೇಜಿಗೆ ಹೋದವಳು, ನಿನಗೆ ತಿಳಿಯುತ್ತದೆ ಎಂದರು. ಅರ್ಜಿಯಲ್ಲಿ ಮೂರು ವಿಷಯಗಳ ಮುಂದೆ ಗುರುತು ಹಾಕಿದರು. ಉಳಿದ ಮೂರರ ಮುಂದಿನ ಚೌಕಗಳು ಖಾಲಿ ಉಳಿದವು.

ಆ ಮೂರನ್ನು ಇಬ್ಬರೂ ಬರೆದೆವು, ಇಬ್ಬರೂ ಪಾಸಾದೆವು. ಅವರ ಅಂಕಗಳು ನನಗಿಂತ ಚೆನ್ನಾಗಿದ್ದವು. ಆರನ್ನೂ ಬರೆದಿದ್ದರೆ ಆರೂ ಆಗುತ್ತಿದ್ದವು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಫಲಿತಾಂಶ ಬಂದು ಒಂದೂವರೆ ತಿಂಗಳಾಗಿತ್ತು. ಬೆಳಿಗ್ಗೆ ಹತ್ತರ ಹೊತ್ತಿಗೆ ಹಾಸ್ಟೆಲ್ಲಿನಿಂದ ನನಗೆ ಫೋನ್ ಬಂತು. ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದ ಅತ್ಯಾ ತಲೆಯೆತ್ತಿ, ಲೈಟ್ ಯಾಕೆ ಆರಿಸಿದಿರಿ ಎಂದು ಕೇಳಿದರಂತೆ. ಯಾರೂ ಆರಿಸಿರಲಿಲ್ಲ. ಕಿಟಕಿಯಿಂದ ಬಿಸಿಲು ನೇರ ಅವರ ಮುಖದ ಮೇಲೆ ಬೀಳುತ್ತಿತ್ತಂತೆ. ನಾನು ಹೋದಾಗ ಹಿಟ್ಟಿನ ಕೈ ಹಾಗೇ ಮುಂದೆ ಚಾಚಿಕೊಂಡು ಕೂತಿದ್ದರು, ಯಾರಾದರೂ ನೀರು ಹಾಕಲಿ ಎಂದು ಕಾಯುವವರ ಹಾಗೆ.

ಮತ್ತೆ ಮಿರಜ್. ಒಂದು ಕಣ್ಣು ಪೂರ್ತಿ ಹೋಗಿತ್ತು, ಇನ್ನೊಂದಕ್ಕೆ ಬೆಳಕು ಕತ್ತಲೆ ಮಾತ್ರ ಗೊತ್ತಾಗುತ್ತಿತ್ತು. ಶಸ್ತ್ರಚಿಕಿತ್ಸೆ ಮಾಡಿ ನೋಡಿದರು, ಪ್ರಯೋಜನವಾಗಲಿಲ್ಲ. ಕೊನೆಯ ಸಲ ಹೋದಾಗ ಅದೇ ವೈದ್ಯರು ಅತ್ಯಾರ ಕೈ ಹಿಡಿದುಕೊಂಡು, ಬೇಸರದಿಂದ, ಆಗಲೇ ನಿಮ್ಮ ಸೊಸೆಗೆ ಹೇಳಿದ್ದೆನಲ್ಲ ತಾರಾಬಾಯಿ, ಹೀಗಾಗಬಹುದು ಅಂತ, ಎಂದು ಮರಾಠಿಯಲ್ಲಿ ಅಂದರು. ವೈದ್ಯರಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಬಸ್ಸಿನಲ್ಲಿ ಅತ್ಯಾ ಕಿಟಕಿಯ ಕಡೆ ಕೂತಿದ್ದರು. ಅವರಿಗೆ ಹೊರಗಿನದೇನೂ ಕಾಣುತ್ತಿರಲಿಲ್ಲ, ಆದರೂ ಅಭ್ಯಾಸಕ್ಕೆ ಮುಖ ಆ ಕಡೆಗೇ ಇತ್ತು. ಕಾಗವಾಡದಲ್ಲಿ ಬಸ್ಸು ಬಹಳ ಹೊತ್ತು ನಿಂತಿತು. ಜನ ಇಳಿದು ಚಹಾಕ್ಕೆ ಹೋದರು. ಆಗ ಅವರು ಮುಖ ತಿರುಗಿಸದೆಯೇ ಕೇಳಿದರು.

"ನಿನಗ ಗೊತ್ತಿತ್ತೇನು?"

ಗೊತ್ತಿತ್ತು ಎಂದೆ.

"ಆರೂ ಬರೀತೀನಿ ಅಂದಾಗ?"

ಆಗಲೂ ಗೊತ್ತಿತ್ತು ಎಂದೆ.

"ನಾ ಅಂಜತೇನಿ ಅಂತ ಹೇಳಲಿಲ್ಲೇನು, ನಿನ್ನ ಸಲುವಾಗಿ ಹೇಳಲಿಲ್ಲೇನು?"

ಇಷ್ಟು ನೇರವಾಗಿ ಕೇಳಿದರೆ ಸುಳ್ಳು ಹೇಳುವುದು ಕಷ್ಟ. ಅದೂ, ನಿಮ್ಮ ಮುಖ ಕಾಣದವರು ಕೇಳಿದಾಗ. ನನ್ನ ಸಲುವಾಗಿ ಎಂದೆ. ಅವರು ಹೂಂ ಎಂದರು. ಬಸ್ಸು ಹೊರಟಿತು. ಅಥಣಿಯಲ್ಲಿ ಇಳಿಯುವಾಗ ನಾನು ಕೈ ಕೊಟ್ಟೆ. ಅವರಿಗೆ ಅದನ್ನು ಹಿಡಿಯದೆ ಗತಿಯಿರಲಿಲ್ಲ, ಹಿಡಿದರು.

ಆ ಸಂಜೆ ಮಗ ಮನೆಗೆ ಬಂದಾಗ ಹೇಳಿಬಿಡುತ್ತಾರೆ ಎಂದು ಒಲೆಯ ಮುಂದೆ ಕಿವಿಗೊಟ್ಟು ಕೂತಿದ್ದೆ. ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ಮರುದಿನ ಮಧ್ಯಾಹ್ನ ಎರಡಕ್ಕೆ ಗೋಡೆ ಹಿಡಿದುಕೊಂಡು ಪಡಸಾಲೆಗೆ ಬಂದು, ತಮ್ಮ ಜಾಗ ಕಾಲಿನಿಂದ ಹುಡುಕಿ ಕೂತು, "ಓದು," ಎಂದರು.

ಯವ್ವಾ ಎನ್ನಲಿಲ್ಲ. ಆಮೇಲೆ ಎಂದೂ ಎನ್ನಲಿಲ್ಲ.

ನಾನು ಓದಿದೆ. ಐದು ತಿಂಗಳು, ದಿನಾ ಎರಡು ತಾಸು. ನಾನೊಂದು ಪುಟ ಓದುವುದು, ಅವರು ಅದನ್ನು ತಿರುಗಿ ಹೇಳುವುದು. ಮೊದಲಿನ ಹಾಗೆ ರಾಜ್ಯಪಾಲರು ಓಣಿಯ ಮನೆಯಿಂದ ಬರುತ್ತಿರಲಿಲ್ಲ. ನೋಟ್ಸಿನಲ್ಲಿ ಇದ್ದದ್ದು ಇದ್ದ ಹಾಗೆ, ಒಂದು ಶಬ್ದ ಹೆಚ್ಚಿಲ್ಲ, ಒಂದು ಶಬ್ದ ಕಡಿಮೆಯಿಲ್ಲ. ನನ್ನ ಜೊತೆ ಅವರು ಬೇರೆ ಮಾತನಾಡುವುದನ್ನೇ ಬಿಟ್ಟಿದ್ದರು. ವಿಚಿತ್ರವೆಂದರೆ, ನಾನು ನನ್ನ ಜೀವನದಲ್ಲಿ ಅಷ್ಟು ಚೆನ್ನಾಗಿ ಓದಿದ್ದು ಅದೊಂದೇ ಸಲ. ಅವರಿಗಾಗಿ ಜೋರಾಗಿ ಓದಿದ್ದೆಲ್ಲ ನನ್ನ ತಲೆಯಲ್ಲೂ ಕೂತಿತು.

ಕಣ್ಣಿಲ್ಲದವರಿಗೆ ಪರೀಕ್ಷೆಯಲ್ಲಿ ಬರೆದುಕೊಡಲು ಒಬ್ಬರನ್ನು ಬಿಡುತ್ತಾರೆ. ಬರೆಯುವವರು ಪರೀಕ್ಷೆ ಕೊಡುವವರಿಗಿಂತ ಕಡಿಮೆ ಓದಿದವರಾಗಿರಬೇಕು, ಮನೆಯವರಾಗಿರಬಾರದು ಎಂದು ನಮಗೆ ಹೇಳಿದರು. ಹಾಸ್ಟೆಲ್ಲಿನಲ್ಲಿ ಕಾಗವಾಡದ ಕಡೆಯ ಶಬಾನಾ ಎಂಬ ಪಿಯುಸಿ ಹುಡುಗಿ ಇದ್ದಳು. ಅತ್ಯಾ ಎಂದರೆ ಜೀವ ಬಿಡುವವಳು. ನಾನು ಬರುತ್ತೇನೆ ಎಂದು ತಾನಾಗಿ ಬಂದಳು. ಹತ್ತನೆಯವರೆಗೆ ಅವಳು ಓದಿದ್ದು ಮರಾಠಿ ಶಾಲೆಯಲ್ಲಿ. ಕನ್ನಡ ನಮ್ಮಂತೆಯೇ ಮಾತನಾಡುತ್ತಿದ್ದಳು, ಬರೆಯುವುದು ಮಾತ್ರ ನಿಧಾನ. ಒತ್ತಕ್ಷರ ಬಂದಲ್ಲಿ ಪೆನ್ನು ನಿಲ್ಲುತ್ತಿತ್ತು. ಬೇರೆ ಯಾರೂ ಸಿಗಲಿಲ್ಲ.

ನಾನು ಪಕ್ಕದ ಕೋಣೆಯಲ್ಲಿ ಬರೆಯುತ್ತಿದ್ದೆ. ಮೊದಲ ಎರಡು ಪೇಪರು ಹೇಗೋ ಆದವು. ಕೊನೆಯದು ಇತಿಹಾಸ, ಉದ್ದುದ್ದ ಉತ್ತರಗಳು. ನಾನು ಮುಗಿಸಿ ಹೊರಗೆ ಬಂದು ಕಿಟಕಿಯ ಹತ್ತಿರ ನಿಂತೆ. ಅವರಿಗೆ ಕೊಟ್ಟಿದ್ದ ಹೆಚ್ಚಿನ ಹೊತ್ತು ಇನ್ನೂ ಉಳಿದಿತ್ತು. ಅತ್ಯಾ ಹೇಳುತ್ತಿದ್ದರು, ಶಬಾನಾ ಬರೆಯುತ್ತಿದ್ದಳು. ಒಂದು ಸಾಲು ಹೇಳಿ ಅತ್ಯಾ ಕಾಯುತ್ತಿದ್ದರು. ಮುಂದಿನ ಸಾಲು ಅವರ ತುಟಿಯ ಮೇಲೆ ಬಂದು ನಿಂತಿರುತ್ತಿತ್ತು. ಹುಡುಗಿ "ಮೌಶಿ, ಇನ್ನೊಮ್ಮೆ ಹೇಳ್ರಿ" ಎನ್ನುತ್ತಿದ್ದಳು, ಅತ್ಯಾ ಇನ್ನೊಮ್ಮೆ ಹೇಳುತ್ತಿದ್ದರು, ಒಮ್ಮೆಯೂ ದನಿ ಏರಿಸಲಿಲ್ಲ. ರೊಟ್ಟಿಯ ಹೊತ್ತು, ಬೇಳೆಯ ಹೊತ್ತು ಎಲ್ಲ ಅವರ ತಲೆಯಲ್ಲಿ ಸರಿಯಾಗಿಯೇ ಇದ್ದಿರಬೇಕು. ಆದರೆ ಕೈ ಅವರದಾಗಿರಲಿಲ್ಲ. ಗಂಟೆ ಬಾರಿಸಿದಾಗ ಎರಡು ದೊಡ್ಡ ಪ್ರಶ್ನೆಗಳು ಹಾಗೇ ಉಳಿದಿದ್ದವು. ಶಬಾನಾ ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಅತ್ಯಾ ತಡಕಾಡಿ ಅವಳ ತಲೆ ಹುಡುಕಿ, ಕೈಯಿಟ್ಟು, ನಿನ್ನ ತಪ್ಪಲ್ಲ ಎಂದು ಹೇಳಿದರು. ನಿನ್ನ ಎಂಬ ಶಬ್ದ ಕಿಟಕಿಯ ಹೊರಗೆ ನಿಂತವಳಿಗೂ ಕೇಳಿಸಿತು.

ಫಲಿತಾಂಶ ಬಂದಾಗ ನಾನು ಪದವೀಧರೆ. ಅವರು ಇತಿಹಾಸದಲ್ಲಿ ನಾಲ್ಕು ಅಂಕದಿಂದ ನಪಾಸು. ಗಂಡ ಪೇಢೆ ತಂದರು, ಅವ್ವನ ಬಾಯಿಗೆ ಮೊದಲು ಇಟ್ಟರು. ಅವರು ತಿಂದು, ಛಲೋ ಆತು ಎಂದರು. ಅವರಿಗೆ ಸಿಹಿ ತಿನ್ನಬಾರದು ಎಂದು ಆ ದಿನ ಯಾರಿಗೂ ನೆನಪಾಗಲಿಲ್ಲ.

ಹೆಸರು ನೋಂದಾಯಿಸಿ ಇಷ್ಟು ವರ್ಷದೊಳಗೆ ಮುಗಿಸಬೇಕೆಂಬ ನಿಯಮವಿರುತ್ತದೆ. ಅವರಿಗೆ ಉಳಿದದ್ದು ಇನ್ನೊಂದೇ ಅವಕಾಶ. ನಾನು ಅರ್ಜಿ ತಂದು ಅವರ ಮುಂದೆ ಕೂತೆ. ಈ ಸಲ ಏನನ್ನೂ ಮುಚ್ಚಿಡಲಿಲ್ಲ. ಇದು ಕೊನೆಯ ಸಲವೆಂದು ಹೇಳಿದೆ. ಶಬಾನಾ ಸಾಂಗಲಿಗೆ ಓದಲು ಹೋಗಿದ್ದಾಳೆ, ಹೊಸಬರನ್ನು ಹುಡುಕಬೇಕು ಎಂದು ಹೇಳಿದೆ. ಮೂತ್ರಪಿಂಡಗಳೂ ಕೆಡುತ್ತಿವೆ ಎಂದು ಡಾಕ್ಟರು ಹಿಂದಿನ ವಾರ ಹೇಳಿದ್ದನ್ನೂ ಹೇಳಿದೆ, ಅವರು ಬಳಸಿದ ಶಬ್ದಗಳಲ್ಲೇ. ಅತ್ಯಾ ಪೂರ್ತಿ ಕೇಳಿದರು.

"ಆವತ್ತ ಹಿಂಗ ಹೇಳಿದ್ದರ ಸಾಕಿತ್ತು," ಎಂದರು. ಕೈಗೆ ತಾಗಿದ ಅರ್ಜಿಯನ್ನು ನನ್ನ ಕಡೆ ಸರಿಸಿ, "ಈಗ ಬ್ಯಾಡ," ಎಂದರು.

ನಾನು ಒತ್ತಾಯ ಮಾಡಲಿಲ್ಲ. ಎಷ್ಟು ಬರೆಯಬೇಕೆಂದು ಅವರಿಗೆ ಹೇಳುವ ಅಧಿಕಾರವನ್ನು ನಾನು ಕಳೆದುಕೊಂಡಿದ್ದೆ. ಅದಾಗಿ ಒಂದೂವರೆ ವರ್ಷಕ್ಕೆ ಅವರು ತೀರಿಕೊಂಡರು. ಕೊನೆಯ ಆರು ತಿಂಗಳು ವಾರಕ್ಕೆ ಎರಡು ಸಲ ರಕ್ತ ಶುದ್ಧಿ ಮಾಡಿಸಲು ನಾನೇ ಕರೆದುಕೊಂಡು ಹೋಗುತ್ತಿದ್ದೆ. ಅಲ್ಲಿಯ ಹೆಂಗಸರು, ನಿಮ್ಮ ಸೊಸೆ ಭಾಳ ಛಲೋ ಅದಾಳ ಎಂದು ಅವರಿಗೆ ಹೇಳುತ್ತಿದ್ದರು. ಅವರು ಹೌದು ಎನ್ನುತ್ತಿರಲಿಲ್ಲ, ಅಲ್ಲ ಎಂದೂ ಎನ್ನುತ್ತಿರಲಿಲ್ಲ.

ಇವತ್ತು ನಾನು ಅದೇ ಡಿಗ್ರಿಯ ಬಲದ ಮೇಲೆ, ಆಮೇಲೆ ಮಾಡಿದ ಬಿ.ಎಡ್. ಬಲದ ಮೇಲೆ, ಐಗಳಿಯ ಒಂದು ಪ್ರೌಢಶಾಲೆಯಲ್ಲಿ ಕಲಿಸುತ್ತೇನೆ. ದಿನಾ ಒಬ್ಬಳೇ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ನನ್ನ ಗಂಡ ಅದಕ್ಕೆ ಎಂದೋ ಒಗ್ಗಿಕೊಂಡರು. ಮನೆಗೆ ಯಾರಾದರೂ ಬಂದರೆ ಅವರು ಒಂದು ಕತೆ ಹೇಳುತ್ತಾರೆ: ನಮ್ಮ ಅವ್ವನೂ ಇವಳೂ ಕೂಡಿ ಪರೀಕ್ಷೆ ಬರೆದರು, ಅವ್ವನ ನಸೀಬು ಕೆಟ್ಟಿತು, ಕಣ್ಣು ಹೋದ ಮೇಲೆ ಇವಳು ದಿನಾ ಓದಿ ಹೇಳಿದಳು, ಹೊಟ್ಟೆಯಲ್ಲಿ ಹುಟ್ಟಿದ ಮಗಳೂ ಅಷ್ಟು ಮಾಡಲಿಕ್ಕಿಲ್ಲ. ಬಂದವರು ನನ್ನ ಕಡೆ ನೋಡುತ್ತಾರೆ. ನಾನು ಚಹಾ ತರಲು ಒಳಗೆ ಹೋಗುತ್ತೇನೆ. ನಾಲ್ಕು ವರ್ಷ ನಾನು ಹೀಗೆ ಚಹಾ ತರಲು ಒಳಗೆ ಹೋಗಿದ್ದೇನೆ.

ಕಳೆದ ವಾರ ಝೆರಾಕ್ಸ್ ಮಾಡಿಸಿಕೊಂಡು ಮನೆಗೆ ಬಂದಾಗ ಗಂಡನ ಕಾರ್ಖಾನೆಯ ಗೆಳೆಯರೊಬ್ಬರು ಬಂದಿದ್ದರು. ಕತೆ ಶುರುವಾಗಿತ್ತು. ನಾನು ಒಳಗೆ ಹೋಗಲಿಲ್ಲ, ಬಾಗಿಲ ಹತ್ತಿರವೇ ನಿಂತು ಪೂರ್ತಿ ಕೇಳಿದೆ. ಗೆಳೆಯರು ಎದ್ದುಹೋದ ಮೇಲೆ ಗಂಡನ ಎದುರು ಕೂತು ಹೇಳಿದೆ. ಮಿರಜಿನ ಡಾಕ್ಟರು ಹೇಳಿದ್ದು, ನಾನು ಹೇಳದೆ ಉಳಿದದ್ದು, ಮೂರು ಈಗ ಮೂರು ಮುಂದೆ ಎಂದದ್ದು, ಯಾಕೆ ಎಂದದ್ದು. ಎಲ್ಲ ಹೇಳಿ ಮುಗಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಇಷ್ಟು ವರ್ಷ ಹೊತ್ತುಕೊಂಡದ್ದು ಇಷ್ಟು ಸಣ್ಣದಿತ್ತೇ ಅನ್ನಿಸಿತು.

ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ.

"ಅವ್ವಗ ಗೊತ್ತಾಗಿತ್ತೇನು?" ಎಂದು ಕೇಳಿದರು.

ಬಸ್ಸಿನಲ್ಲಿ ನಡೆದದ್ದನ್ನು ಹೇಳಿದೆ.

"ಮತ್ತ ನನಗ ಯಾಕ ಹೇಳಲಿಲ್ಲ ಆಕಿ?"

ಅತ್ಯಾ ಹೇಳದೆ ಇದ್ದದ್ದು ನನಗೆ ಕೊಟ್ಟ ಶಿಕ್ಷೆ ಎಂದೇ ನಾನು ತಿಳಿದಿದ್ದೆ. ಮಾತನಾಡಲೂ ನಾನು ಯೋಗ್ಯಳಲ್ಲ ಎಂದು ಅವರು ತೀರ್ಮಾನಿಸಿದ್ದಾರೆ, ನನ್ನ ವಿಷಯ ಮಗನ ಮುಂದೆ ಎತ್ತುವುದೂ ಅವರಿಗೆ ಬೇಡವಾಗಿದೆ, ಎಂದು. ಹಾಗೇ ಗಂಡನಿಗೆ ಹೇಳಿದೆ.

ಅವರು ತಲೆಯಲ್ಲಾಡಿಸಿದರು. ನನ್ನ ಕಡೆ ನೋಡಲಿಲ್ಲ.

"ಹೇಳಿದ್ದರ ನಾ ನಿನ್ನ ಪರೀಕ್ಷಾ ಬಿಡಸ್ತಿದ್ದೆ," ಎಂದರು. "ಆಕಿಗಿ ಅದು ಗೊತ್ತಿತ್ತು."

ಹಾಗೆಂದು ಎದ್ದು ಹಿತ್ತಲಿಗೆ ಹೋದರು. ನಲ್ಲಿ ಬಿಟ್ಟು ಮುಖ ತೊಳೆದುಕೊಳ್ಳುವ ಸದ್ದು ಕೇಳುತ್ತಿತ್ತು, ಅದು ಬಹಳ ಹೊತ್ತು ನಿಲ್ಲಲಿಲ್ಲ. ನಾನು ಕೂತಲ್ಲೇ ಕೂತಿದ್ದೆ. ಬಸ್ಸಿನಲ್ಲಿ ಅತ್ಯಾ ಕೇಳಿದ ಆ ದಿನ ನನಗೂ ಮೂರು ಪೇಪರು ಉಳಿದಿದ್ದವಲ್ಲ.